ಹಾರ್ಡ್ ಡಿಸ್ಕ್ ಇಲ್ಲದ ಹಳೆಯ ಕಂಪ್ಯೂಟರ್ ರೂಟರ್ ಆಗುವ ಬಗೆ

ಉಮರ್ಗಾ, ನಿಲಂಗಾ, ಉದಗೀರ ಕಡೆಯ ಹಳ್ಳಿಗಳಲ್ಲಿ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಸೇವಾ ಕೇಂದ್ರದ ಮುಂದೆ ಸಾತಬಾರಾ ಉತಾರಕ್ಕಾಗಿ ಜನ ಕಾಯುತ್ತಿರುತ್ತಾರೆ. ಕರೆಂಟು ಮರಳಿ ಬಂದರೂ ಇಂಟರ್ನೆಟ್ ಹಂಚುವ ಕಂಪ್ಯೂಟರ್ ಏಳದಿದ್ದರೆ ಎಲ್ಲರ ಕೆಲಸವೂ ನಿಂತಂತೆ. ಹೀಗೆ ಕೈಕೊಡುವ ಭಾಗಗಳಲ್ಲಿ ಹಾರ್ಡ್ ಡಿಸ್ಕ್ ಮುಖ್ಯವಾದದ್ದು. ಅದನ್ನೇ ತೆಗೆದುಹಾಕಿ, ಪೆನ್ ಡ್ರೈವ್‌ನಿಂದ ಕಂಪ್ಯೂಟರ್ ನಡೆಸುವ ವಿಧಾನದ ಪರಿಚಯ ಇಲ್ಲಿದೆ.

ಡಿಸ್ಕ್ ಏಕೆ ಬೇಡ?

ಹೊರಗಿನಿಂದ ಬಂದ ಒಂದು ಇಂಟರ್ನೆಟ್ ಸಂಪರ್ಕವನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚುವ ಯಂತ್ರವೇ ರೂಟರ್. ಈ ಕೆಲಸಕ್ಕೆ ದೊಡ್ಡ ಡಿಸ್ಕ್ ಬೇಕಿಲ್ಲ. ಹಾರ್ಡ್ ಡಿಸ್ಕ್‌ನೊಳಗೆ ತಿರುಗುವ ತಟ್ಟೆಗಳಿರುತ್ತವೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತಗಳು ಕೆಡಬಹುದು. ಫ್ಲ್ಯಾಶ್ ಮೆಮೊರಿಯಲ್ಲಿ ತಿರುಗುವ ಭಾಗವೇ ಇಲ್ಲ. ಆದರೆ ಪದೇ ಪದೇ ಬರೆದರೆ ಅದೂ ಸವೆಯುತ್ತದೆ. ಆದ್ದರಿಂದ ರೂಟರ್ ತಂತ್ರಾಂಶದ ಮೂಲ ಭಾಗವನ್ನು ಓದಲು ಮಾತ್ರ ಬರುವಂತೆ ಇಟ್ಟು, ದಿನನಿತ್ಯದ ದಾಖಲೆಗಳನ್ನು ರ್‍ಯಾಮ್‌ನಲ್ಲಿ ಬರೆಯಲಾಗುತ್ತದೆ. ಕರೆಂಟು ಹೋದರೆ ಅಳಿಯುವುದು ಆ ದಾಖಲೆಗಳಷ್ಟೇ.

ಹಿನ್ನೆಲೆ

1990ರ ದಶಕದ ಕೊನೆಯಲ್ಲಿ ಲಿನಕ್ಸ್ ರೂಟರ್ ಪ್ರಾಜೆಕ್ಟ್ 1.44 ಎಂಬಿಯ ಒಂದೇ ಫ್ಲಾಪಿಯಲ್ಲಿ ಇಡೀ ರೂಟರ್ ತುಂಬಿಸಿ ತೋರಿಸಿತು. 2003ರಲ್ಲಿ ಸ್ವಿಟ್ಜರ್ಲೆಂಡ್‌ನ ಮ್ಯಾನುಯೆಲ್ ಕ್ಯಾಸ್ಪರ್ ಎಂ0ಎನ್0ವಾಲ್ ಹೊರತಂದರು. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನಿಂದ ಏಳುವ ಈ ತಂತ್ರಾಂಶ ಬಳಿಕ ರ್‍ಯಾಮ್‌ನಲ್ಲೇ ನಡೆಯುತ್ತಿತ್ತು. 2015ರಲ್ಲಿ ಅದು ನಿಂತಿತು. 2004ರಲ್ಲಿ ಆರಂಭವಾದ ಓಪನ್‌ಡಬ್ಲ್ಯುಆರ್‌ಟಿ ಇಂದಿಗೂ ಬೆಳೆಯುತ್ತಿದ್ದು, ಉಚಿತವಾಗಿ ಸಿಗುತ್ತದೆ.

ಮಾಡುವ ಕ್ರಮ

1. ಎರಡು ನೆಟ್‌ವರ್ಕ್ ಪೋರ್ಟ್ ಇರುವ ಹಳೆಯ ಕಂಪ್ಯೂಟರ್ ಆರಿಸಿ. ಒಂದೇ ಇದ್ದರೆ ಇನ್ನೊಂದು ಲ್ಯಾನ್ ಕಾರ್ಡ್ ಹಾಕಿಸಿ. 1 ಜಿಬಿ ರ್‍ಯಾಮ್ ಧಾರಾಳ. ಕಂಪ್ಯೂಟರ್ ಬಂದ್ ಮಾಡಿ, ಪ್ಲಗ್ ಕಿತ್ತು, ಹಾರ್ಡ್ ಡಿಸ್ಕ್ ತೆಗೆದಿಡಿ.

2. ಬೇರೆ ಕಂಪ್ಯೂಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿಯ ಎಕ್ಸ್86 ವಿಭಾಗದಿಂದ ಸ್ಕ್ವಾಷ್‌ಎಫ್‌ಎಸ್ ಇಮೇಜ್ ಇಳಿಸಿಕೊಂಡು, ರೂಫಸ್‌ನಂಥ ತಂತ್ರಾಂಶದಿಂದ ಪೆನ್ ಡ್ರೈವ್‌ಗೆ ಬರೆಯಿರಿ. ಪೆನ್ ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ.

3. ಬಯೋಸ್‌ನಲ್ಲಿ ಯುಎಸ್‌ಬಿಯನ್ನು ಮೊದಲ ಬೂಟ್ ಸಾಧನವಾಗಿಸಿ. ಕರೆಂಟು ಬಂದ ಕೂಡಲೇ ತಾನಾಗಿ ಆನ್ ಆಗುವ ಆಯ್ಕೆಯನ್ನೂ, ಕೀಲಿಮಣೆ ಇಲ್ಲದಿದ್ದರೂ ಮುಂದುವರಿಯುವ ಆಯ್ಕೆಯನ್ನೂ ಇಡಿ. ನಮ್ಮ ಭಾಗಕ್ಕೆ ಇದು ಅತಿ ಮುಖ್ಯ. ಹೊಸ ಮಾದರಿಯ ಯಂತ್ರವಾದರೆ ಸೆಕ್ಯೂರ್ ಬೂಟ್ ಆಫ್ ಮಾಡಿ.

4. ಮೊದಲ ಪೋರ್ಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಬ್ರೌಸರ್‌ನಲ್ಲಿ 192.168.1.1 ತೆರೆಯಿರಿ. ಆರಂಭದಲ್ಲಿ ಪಾಸ್‌ವರ್ಡ್ ಇರುವುದಿಲ್ಲ. ಗಟ್ಟಿಯಾದ ಪಾಸ್‌ವರ್ಡ್ ಇಡುವುದೇ ಮೊದಲ ಕೆಲಸವಾಗಲಿ.

5. ಕಂಪನಿಯವರು ಕೊಟ್ಟ ಫೈಬರ್ ಪೆಟ್ಟಿಗೆಗೂ ಇದೇ ವಿಳಾಸ ಇದ್ದರೆ ಎರಡೂ ತಾಕಲಾಡುತ್ತವೆ. ಹೊಸ ರೂಟರ್‌ನ ವಿಳಾಸವನ್ನು 192.168.2.1 ಎಂದು ಬದಲಿಸಿ. ಅನಂತರ ಎರಡನೇ ಪೋರ್ಟ್‌ಗೆ ಫೈಬರ್ ಪೆಟ್ಟಿಗೆಯ ತಂತಿ, ಮೊದಲನೆಯದಕ್ಕೆ ಸ್ವಿಚ್ ಜೋಡಿಸಿ.

ಎಚ್ಚರಿಕೆಗಳು

ಸೆಟ್ಟಿಂಗ್‌ಗಳು ಪೆನ್ ಡ್ರೈವ್‌ನಲ್ಲೇ ಉಳಿಯುತ್ತವೆ. ಅವನ್ನು ಉಳಿಸುವ ಹೊತ್ತಿನಲ್ಲಿ ಕರೆಂಟು ಹೋಗದಂತೆ ನೋಡಿಕೊಳ್ಳಿ. ಬ್ಯಾಕಪ್ ಕಡತವನ್ನು ಬೇರೆಡೆ ಇಡಿ. ಸಿದ್ಧಪಡಿಸಿದ ಇನ್ನೊಂದು ಪೆನ್ ಡ್ರೈವ್ ಕಪಾಟಿನಲ್ಲಿರಲಿ. ಮೊದಲನೆಯದು ಕೆಟ್ಟರೆ ಐದು ನಿಮಿಷದಲ್ಲಿ ಬದಲಿಸಬಹುದು. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಬಯೋಸ್ ಸೆಟ್ಟಿಂಗ್ ಮರೆತುಹೋಗುತ್ತದೆ, ಅದನ್ನೂ ಬದಲಿಸಿ.

ಕರೆಂಟ್ ಬಿಲ್ಲಿನ ಲೆಕ್ಕವೂ ಬೇಕು. 50 ವಾಟ್ ಎಳೆಯುವ ಡೆಸ್ಕ್‌ಟಾಪ್ ಹಗಲೂ ರಾತ್ರಿ ನಡೆದರೆ ತಿಂಗಳಿಗೆ 36 ಯೂನಿಟ್. 10 ವಾಟ್‌ನ ಚಿಕ್ಕ ರೂಟರ್‌ಗೆ ಸುಮಾರು 7 ಯೂನಿಟ್ ಸಾಕು. ಒಂದು ಮನೆಗೆ ಫೈಬರ್ ಪೆಟ್ಟಿಗೆಯೇ ಸಾಕಾಗುತ್ತದೆ. ಹತ್ತಾರು ಕಂಪ್ಯೂಟರ್ ಇರುವ ಶಾಲೆ, ವಾಚನಾಲಯ, ಸೇವಾ ಕೇಂದ್ರಗಳಿಗೆ ಮಾತ್ರ ಈ ಶ್ರಮ ತಕ್ಕದ್ದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಮೂಲೆ ಸೇರಿದ ಯಂತ್ರಗಳು ಇದಕ್ಕೆ ಒದಗುತ್ತವೆ. ಅವನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಪರೀಕ್ಷಿಸಿ ನೋಡಬಹುದು.