ನೀಹಾರಿಕೆಯ ಬಣ್ಣ: ಒಂದು ಚಿತ್ರಸಂಸ್ಕರಣೆಯ ಇತಿಹಾಸ

1995ರ ಏಪ್ರಿಲ್ 1ರಂದು ಹಬಲ್ ಬಾಹ್ಯಾಕಾಶ ದೂರದರ್ಶಕವು ಗರುಡ ನೀಹಾರಿಕೆಯನ್ನು (ಎಂ 16) ಚಿತ್ರಿಸಿತು. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವೆನ್ ಸಿದ್ಧಪಡಿಸಿದ ಆ ಚಿತ್ರ ‘ಸೃಷ್ಟಿಯ ಸ್ತಂಭಗಳು’ ಎಂದು ಜಗತ್ಪ್ರಸಿದ್ಧವಾಯಿತು. ಅದರ ಬಣ್ಣಗಳು ಕಣ್ಣಿಗೆ ಕಾಣುವ ಬಣ್ಣಗಳಲ್ಲ ಎಂಬ ಆಕ್ಷೇಪಣೆ ಆಗಾಗ ಕೇಳಿಬರುತ್ತದೆ. ಮಾತು ನಿಜ, ಆದರೆ ಅದರಿಂದ ಚಿತ್ರ ಸುಳ್ಳಾಗುವುದಿಲ್ಲ. ಇದನ್ನು ಅರಿಯಲು 1864ಕ್ಕೆ ಹಿಂದಿರುಗಬೇಕು.

ಆ ವರ್ಷ ಲಂಡನ್ನಿನ ವಿಲಿಯಂ ಹಗಿನ್ಸ್ ಡ್ರೇಕೋ ನಕ್ಷತ್ರಪುಂಜದ ನೀಹಾರಿಕೆಯೊಂದನ್ನು ರೋಹಿತದರ್ಶಕದ ಮೂಲಕ ನೋಡಿದಾಗ, ನಕ್ಷತ್ರಗಳಲ್ಲಿರುವಂತಹ ಅವಿಚ್ಛಿನ್ನ ಪಟ್ಟಿಯ ಬದಲು ಕೆಲವೇ ಪ್ರಕಾಶರೇಖೆಗಳು ಕಂಡವು. ಆ ನೀಹಾರಿಕೆ ಅನಿಲರೂಪದ್ದೆಂದು ಸ್ಪಷ್ಟವಾಯಿತು. ಪ್ರಖರವಾದ ಹಸಿರು ರೇಖೆ ಪರಿಚಿತ ಧಾತುಗಳಾವುದಕ್ಕೂ ಹೊಂದದ್ದರಿಂದ ಮುಂದೆ ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಕಲ್ಪಿಸಲಾಯಿತು. 1927ರಲ್ಲಿ ಅಮೆರಿಕದ ಐರಾ ಬೋವೆನ್, ಅದು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ ರೇಖೆಯೆಂದೂ ಅತ್ಯಂತ ವಿರಳವಾದ ಅನಿಲದಲ್ಲಿ ಮಾತ್ರ ಹೊಳೆಯುವಂತಹದೆಂದೂ ತೋರಿಸಿದರು.

ಹೀಗೆ ನೀಹಾರಿಕೆಯ ಬೆಳಕು ಕೆಲವೇ ರೇಖೆಗಳಲ್ಲಿ ಕ್ರೋಡೀಕೃತವಾಗಿರುವುದರಿಂದಲೇ ಕಿರಿದಾದ ತರಂಗಪಟ್ಟಿಯನ್ನಷ್ಟೇ ಒಳಬಿಡುವ ಫಿಲ್ಟರುಗಳು ಸಾರ್ಥಕವಾಗುತ್ತವೆ. ಹೆಸ್ಟರ್ ಮತ್ತು ಸ್ಕೋವೆನ್ ಬಳಸಿದವು ಮೂರು: ಆಮ್ಲಜನಕಕ್ಕೆ 502, ಜಲಜನಕಕ್ಕೆ 656, ಗಂಧಕಕ್ಕೆ 673 ನ್ಯಾನೋಮೀಟರ್. ದೊರೆತವು ಕಪ್ಪು-ಬಿಳುಪು ಚಿತ್ರಗಳೇ. ಒಂದೊಂದು ಫಿಲ್ಟರಿನಲ್ಲೂ ಹಲವು ಬಾರಿ ತೆಗೆದ ಚಿತ್ರಗಳನ್ನು ಹೋಲಿಸಿ, ವಿಶ್ವಕಿರಣಗಳು ಉಳಿಸಿದ ಕಲೆಗಳನ್ನು ಅಳಿಸಿ, ಬಳಿಕ ಒಂದರ ಮೇಲೊಂದನ್ನು ಹೊಂದಿಸಬೇಕಾಗಿತ್ತು. ಜಲಜನಕ ಮತ್ತು ಗಂಧಕದ ರೇಖೆಗಳೆರಡೂ ಕಣ್ಣಿಗೆ ಕೆಂಪು. ಅಂತರ ಕೇವಲ 17 ನ್ಯಾನೋಮೀಟರ್. ಸಹಜವರ್ಣವನ್ನೇ ಕೊಟ್ಟಿದ್ದರೆ ಒಂದರಲ್ಲೊಂದು ಕರಗಿಹೋಗುತ್ತಿದ್ದವು. ಆದ್ದರಿಂದ ತರಂಗದೂರದ ಏರಿಕೆಯ ಕ್ರಮವನ್ನು ಕಾಯ್ದುಕೊಂಡು ಆಮ್ಲಜನಕಕ್ಕೆ ನೀಲಿ, ಜಲಜನಕಕ್ಕೆ ಹಸಿರು, ಗಂಧಕಕ್ಕೆ ಕೆಂಪು ಬಣ್ಣವನ್ನು ನಿಯೋಜಿಸಲಾಯಿತು. ಫಲವಾಗಿ ಸ್ತಂಭಗಳ ಮೇಲ್ಮೈಗೆ ಅಂಟಿಕೊಂಡ ಗಂಧಕದ ಪದರವೂ ಹೊರಗಿನ ಆಮ್ಲಜನಕವೂ ಬೇರ್ಪಟ್ಟು ಕಂಡವು; ಸಮೀಪದ ಉಜ್ಜ್ವಲ ನಕ್ಷತ್ರಗಳ ವಿಕಿರಣ ಸ್ತಂಭಗಳನ್ನು ಸವೆಸುತ್ತಿರುವ ಬಗೆ ಗೋಚರವಾಯಿತು. ಶಾಸನದ ಪಡಿಯಚ್ಚಿನ ಮಸಿ ಕಲ್ಲಿನ ಬಣ್ಣವಲ್ಲ; ಆದರೂ ಅಕ್ಷರ ಓದಿಸುವುದು ಆ ಮಸಿಯೇ.

ಚಿತ್ರದ ಮೂಲೆಯಲ್ಲಿರುವ ಮೆಟ್ಟಿಲಾಕಾರದ ಕಪ್ಪು ಭಾಗವೂ ಇಂತಹದೇ ಸಾಕ್ಷ್ಯ. ಕ್ಯಾಮೆರಾದ ನಾಲ್ಕು ಭಾಗಗಳಲ್ಲಿ ಒಂದು ಹೆಚ್ಚು ಸೂಕ್ಷ್ಮವಾಗಿ, ಕಿರಿದಾದ ಕ್ಷೇತ್ರವನ್ನು ನೋಡುತ್ತಿತ್ತು. ಆ ತುಣುಕನ್ನು ಉಳಿದವುಗಳ ಅಳತೆಗೆ ಕುಗ್ಗಿಸಿದಾಗ ತೆರವು ಉಳಿಯಿತು. ಅದನ್ನು ತುಂಬಿಸುವ ಗೋಜಿಗೆ ಅವರು ಹೋಗಲಿಲ್ಲ.

2014ರಲ್ಲಿ ಹಬಲ್ ಹೊಸ ಕ್ಯಾಮೆರಾದಿಂದ ಅವೇ ಧಾತುಗಳ ಬೆಳಕಿನಲ್ಲಿ ಸ್ತಂಭಗಳನ್ನು ಮತ್ತೆ ಚಿತ್ರಿಸಿತು. ಎರಡನ್ನೂ ಹೋಲಿಸಿದಾಗ, ಅಲ್ಲಿನ ಅನಿಲಧಾರೆಯೊಂದು ಈ ನಡುವೆ ಸುಮಾರು 10,000 ಕೋಟಿ ಕಿಲೋಮೀಟರಿನಷ್ಟು ಮುಂದೆ ಚಾಚಿರುವುದು ಕಂಡುಬಂದಿತು.