ಗಾಜಿನ ಪೆಟ್ಟಿಗೆಯಲ್ಲಿ ಬಂದ ಹಸಿರು

ಇಂಗ್ಲೆಂಡಿಗೆ ಬಂದ ಮೊದಲ ವರ್ಷ ನಾವು ಅಡಿಗೆಮನೆಯ ಕಿಟಕಿಯಲ್ಲಿ ಒಂದು ತುಳಸಿ ಕುಂಡ ಇಟ್ಟೆವು. ದೀಪಾವಳಿಯ ಹೊತ್ತಿಗೆ ಎಲೆ ಉದುರಿತು, ಸಂಕ್ರಾಂತಿಗೆ ಬರೀ ಕಡ್ಡಿ ಉಳಿಯಿತು. ನಮ್ಮ ಕೈಗುಣವೇ ಸರಿಯಿಲ್ಲವೆಂದು ಪೇಚಾಡಿಕೊಂಡೆವು. ಪಕ್ಕದ ಮನೆಯ ಅಜ್ಜಿಯ ಕೋಣೆಯ ಕತ್ತಲ ಮೂಲೆಯಲ್ಲಿ ಮಾತ್ರ ಉದ್ದನೆಯ ಎಲೆಗಳ ಆಸ್ಪಿಡಿಸ್ಟ್ರಾ ಹಾಯಾಗಿ ಬೆಳೆದಿತ್ತು. ಬಿಸಿಲೇ ಅಪರೂಪವಾದ ಈ ದೇಶದಲ್ಲಿ ಮನೆಯೊಳಗೆ ಗಿಡ ಬೆಳೆಸುವ ಅಭ್ಯಾಸ ಹೇಗೆ ಹರಡಿತೆಂದು ಹುಡುಕಿದಾಗ ಸಿಕ್ಕ ಕಥೆಯನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇವೆ.

ಕಥೆಯ ನಾಯಕ ಪೂರ್ವ ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್. ಆತನಿಗೆ ಫರ್ನ್ ಗಿಡಗಳೆಂದರೆ ಪ್ರಾಣ. ಮನೆಯ ಹಿತ್ತಿಲಲ್ಲಿ ನೆಟ್ಟ ಫರ್ನ್‌ಗಳೆಲ್ಲ ಕಾರ್ಖಾನೆಗಳ ಕಲ್ಲಿದ್ದಲ ಹೊಗೆಗೆ ಸತ್ತವು. 1829ರಲ್ಲಿ ಆತ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಳ ಹಾಕಿದ. ಕೆಲವು ದಿನಗಳಲ್ಲಿ ಆ ಮಣ್ಣಿನಲ್ಲಿ ಒಂದು ಫರ್ನ್, ಒಂದು ಹುಲ್ಲು ಮೊಳೆತವು! ಹಗಲು ಮಣ್ಣಿನಿಂದ ಎದ್ದ ತೇವ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಹೊರಗಿನ ಹೊಗೆ ಒಳಕ್ಕೆ ಬರುವಂತಿರಲಿಲ್ಲ. ಆ ಗಿಡಗಳು ನೀರು ಹಾಕದೆಯೇ ಸುಮಾರು ನಾಲ್ಕು ವರ್ಷ ಬದುಕಿದವು.

1833ರಲ್ಲಿ ವಾರ್ಡ್ ಇಂಥ ಎರಡು ಪೆಟ್ಟಿಗೆಗಳಲ್ಲಿ ಗಿಡ ತುಂಬಿ ಆಸ್ಟ್ರೇಲಿಯಾಕ್ಕೆ ಹಡಗಿನಲ್ಲಿ ಕಳಿಸಿದ. ಅಲ್ಲಿಯವರೆಗೆ ಸಮುದ್ರದ ಉಪ್ಪುಗಾಳಿ, ಸಿಹಿನೀರಿನ ಅಭಾವಗಳಿಂದ ಹಡಗಿನ ಗಿಡಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತಿದ್ದವು. ಇವು ಕ್ಷೇಮವಾಗಿ ತಲುಪಿದವು. ಮರುವರ್ಷ ಅವೇ ಪೆಟ್ಟಿಗೆಗಳಲ್ಲಿ ಆಸ್ಟ್ರೇಲಿಯಾದ ಗಿಡಗಳು ಲಂಡನ್ನಿಗೆ ಜೀವಂತವಾಗಿ ಬಂದವು. 1842ರಲ್ಲಿ ವಾರ್ಡ್ ಈ ವಿಚಾರವಾಗಿ ಪುಸ್ತಕವನ್ನೇ ಬರೆದ. 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾದ ಮೇಲೆ ಅನುಕೂಲಸ್ಥರ ಮನೆಗಳಲ್ಲಿ ‘ವಾರ್ಡಿಯನ್ ಪೆಟ್ಟಿಗೆ’ ಅಲಂಕಾರದ ವಸ್ತುವಾಯಿತು. ಫರ್ನ್ ಹುಚ್ಚು ಎಷ್ಟು ಏರಿತೆಂದರೆ, 1855ರಲ್ಲಿ ಚಾರ್ಲ್ಸ್ ಕಿಂಗ್ಸ್ಲಿ ಎಂಬ ಲೇಖಕ ಅದಕ್ಕೆ ‘ಟೆರಿಡೋಮೇನಿಯಾ’ ಎಂದು ಹೆಸರಿಟ್ಟ. ಜನ ಕಾಡಿನ ಫರ್ನ್‌ಗಳನ್ನು ಬೇರುಸಹಿತ ಕಿತ್ತು ತಂದರು. ಪೆಟ್ಟಿಗೆ ಕೊಳ್ಳಲಾಗದವರಿಗೆ ಆಸ್ಪಿಡಿಸ್ಟ್ರಾ ಇತ್ತು. ಪೂರ್ವ ಏಷ್ಯಾದಿಂದ ಬಂದ ಈ ಗಟ್ಟಿ ಜೀವ ಕತ್ತಲೆ, ಚಳಿ, ಗ್ಯಾಸ್ ದೀಪದ ಹೊಗೆ ಎಲ್ಲವನ್ನೂ ತಾಳಿಕೊಂಡಿತು.

ಈ ಪೆಟ್ಟಿಗೆಗೆ ಇನ್ನೊಂದು ಮುಖವೂ ಇದೆ. 1848ರಲ್ಲಿ ಈಸ್ಟ್ ಇಂಡಿಯಾ ಕಂಪನಿ ರಾಬರ್ಟ್ ಫಾರ್ಚ್ಯೂನ್ ಎಂಬಾತನನ್ನು ಚೀನಾಕ್ಕೆ ಕಳಿಸಿತು. ಆತ ವೇಷ ಮರೆಸಿಕೊಂಡು ತಿರುಗಿ, ಸಾವಿರಾರು ಚಹಾ ಸಸಿಗಳನ್ನು ಇಂಥ ಪೆಟ್ಟಿಗೆಗಳಲ್ಲೇ ಹಿಮಾಲಯದ ತಪ್ಪಲಿಗೆ ಸಾಗಿಸಿದ. ಮಲೇರಿಯಾಕ್ಕೆ ಮದ್ದಾದ ಸಿಂಕೋನಾ ಸಸಿಗಳು ದಕ್ಷಿಣ ಅಮೆರಿಕದಿಂದ ನಮ್ಮ ನೀಲಗಿರಿಗೆ ಹೊರಟದ್ದೂ ಇವುಗಳಲ್ಲಿಯೇ. ಮನೆಯ ಚೆಲುವಿಗೆ ಬಂದ ಗಾಜು ಸಾಮ್ರಾಜ್ಯದ ಬೊಕ್ಕಸವನ್ನೂ ತುಂಬಿಸಿತು. ಅದರ ಹಿಂದೆ ತೋಟದ ಕೂಲಿಗಳ ಬೆವರಿದ್ದುದನ್ನು ಮರೆಯಬಾರದು.

ಗಾಜಿನಡಿ ಗಿಡ ಬೆಳೆಸುವ ಈ ಮೋಹ ಬೆಂಗಳೂರಿಗೂ ಬಂತು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಎದ್ದ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಆಗ ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದವರು ಲಂಡನ್ನಿನ ಕ್ಯೂ ಉದ್ಯಾನದಿಂದ ಬಂದ ಜಾನ್ ಕ್ಯಾಮರಾನ್. ಚಿಕ್ಕಂದಿನಲ್ಲಿ ಅಪ್ಪನ ಕೈಹಿಡಿದು ಫಲಪುಷ್ಪ ಪ್ರದರ್ಶನ ನೋಡಿದ ನಮ್ಮಲ್ಲಿ ಎಷ್ಟು ಜನಕ್ಕೆ ಇದು ತಿಳಿದಿತ್ತು? ಕ್ರಿಸ್ಟಲ್ ಪ್ಯಾಲೇಸ್ 1936ರ ಬೆಂಕಿಯಲ್ಲಿ ನಾಶವಾಯಿತು. ನಮ್ಮ ಗಾಜಿನ ಮನೆ ಇಂದಿಗೂ ನಿಂತಿದೆ.

ಗಿಡಗಳ ಹುಟ್ಟೂರು ವಿಚಾರಿಸಿದರೆ ಇನ್ನೂ ಸೋಜಿಗ. ಊರಿನಲ್ಲಿ ಹಾರ್ಲಿಕ್ಸ್ ಬಾಟಲಿಯ ನೀರಿನಲ್ಲಿ ನಾವು ಬೆಳೆಸುತ್ತಿದ್ದ ಮನಿ ಪ್ಲಾಂಟ್ ಪೆಸಿಫಿಕ್ ಸಾಗರದ ದ್ವೀಪದ್ದು. ಇಲ್ಲಿನ ಮನೆಗಳಲ್ಲಿ, ಆಫೀಸುಗಳಲ್ಲಿ ಕಾಣುವ ರಬ್ಬರ್ ಗಿಡವೋ ನಮ್ಮ ಅಸ್ಸಾಂ ಕಡೆಯದು! ಯಾವುದು ಪರದೇಶಿ, ಯಾವುದು ಸ್ವದೇಶಿ ಎಂದು ಕಿಟಕಿಯ ಮುಂದೆ ನಿಂತು ಹೇಳುವುದು ಕಷ್ಟ.

ಇಷ್ಟು ತಿಳಿದ ಮೇಲೆ ನಮ್ಮ ಕೈಗುಣದ ಬಗ್ಗೆ ಇದ್ದ ಕೊರಗು ಹೋಯಿತು. ವಾರ್ಡನ ಫರ್ನ್‌ಗಳೂ ಮೊದಲು ಸತ್ತಿದ್ದವಲ್ಲ! ಅವುಗಳಿಗೆ ತಕ್ಕ ಗಾಳಿ, ತೇವ ಸಿಕ್ಕಾಗ ಬದುಕಿದವು. ತುಳಸಿಗೆ ಮುಚ್ಚಿದ ಗಾಜು ಆಗದು, ಬಿಸಿಲು ಬೇಕು. ಈಗ ನಾವು ಪ್ರತಿ ಏಪ್ರಿಲ್‌ನಲ್ಲಿ ಹೊಸ ಬೀಜ ಹಾಕುತ್ತೇವೆ. ಕುಂಡವನ್ನು ದಕ್ಷಿಣದ ಕಿಟಕಿಯಲ್ಲಿ, ರೇಡಿಯೇಟರಿನಿಂದ ದೂರ ಇಡುತ್ತೇವೆ. ಚಳಿಗಾಲದಲ್ಲಿ ಹೋದರೆ ಬೇಸರಿಸದೆ ಬೀಜ ತೆಗೆದಿಡುತ್ತೇವೆ. ಮುಂದಿನ ಯುಗಾದಿ ಕೂಟಕ್ಕೆ ಬರುವಾಗ ನಿಮ್ಮ ಮನೆಯ ಗಿಡದ ಒಂದು ತುಂಡನ್ನು ಒದ್ದೆ ಕಾಗದದಲ್ಲಿ ಸುತ್ತಿ ತನ್ನಿ. ನಾವು ತುಳಸಿ ಬೀಜ ತರುತ್ತೇವೆ.