ಪುನರ್ಮಿಲನದ ಪ್ರಣಯ ಕಾದಂಬರಿ

ಒಮ್ಮೆ ಒಲಿದು ಅಗಲಿದವರು ವರ್ಷಗಳ ಮೇಲೆ ಎದುರಾಗಿ, ನಡುವೆ ಆದ ಗಾಯವನ್ನು ದಾಟಿ ಮತ್ತೆ ಒಂದಾಗುವ ಕಥೆಯುಳ್ಳ ಕಾದಂಬರಿ ಪ್ರಕಾರ. ಇಂಗ್ಲಿಷ್ ಪುಸ್ತಕ ಮಾರುಕಟ್ಟೆಯಲ್ಲಿ ಇದು ‘ಸೆಕೆಂಡ್ ಚಾನ್ಸ್ ರೊಮಾನ್ಸ್’. ಕಥಾವಸ್ತು ಮಾತ್ರ ಬಹಳ ಹಳೆಯದು. ಎಂಟನೆಯ ಶತಮಾನದ ಭವಭೂತಿ ‘ಉತ್ತರರಾಮಚರಿತ’ದ ಮೂರನೆಯ ಅಂಕದಲ್ಲಿ ಪಂಚವಟಿಯಲ್ಲಿ ಮೂರ್ಛೆಹೋದ ರಾಮನನ್ನು ಕಣ್ಣಿಗೆ ಕಾಣದ ಸೀತೆಯ ಸ್ಪರ್ಶದಿಂದ ಎಚ್ಚರಿಸುತ್ತಾನೆ, ವಾಲ್ಮೀಕಿಯ ದಾರಿ ಬಿಟ್ಟು ಕೊನೆಗೆ ಇಬ್ಬರನ್ನೂ ಕೂಡಿಸುತ್ತಾನೆ.

ಇಂದಿನ ಪ್ರಕಾರಕ್ಕೆ ಮೂಲಮಾದರಿ ಜೇನ್ ಆಸ್ಟೆನ್ ಬರೆದ ‘ಪರ್ಸುಯೇಷನ್’. ಲೇಖಕಿ ತೀರಿಕೊಂಡ ಕೆಲವು ತಿಂಗಳ ಮೇಲೆ, 1817ರ ಡಿಸೆಂಬರಿನಲ್ಲಿ ಇದು ಪ್ರಕಟವಾಯಿತು. ಹತ್ತೊಂಬತ್ತರ ಹರೆಯದಲ್ಲಿ ಹಿತೈಷಿಯೊಬ್ಬಳ ಮಾತು ಕೇಳಿ ಬಡ ನೌಕಾಧಿಕಾರಿ ವೆಂಟ್‌ವರ್ತ್‌ನನ್ನು ನಿರಾಕರಿಸಿದ ಆ್ಯನ್ ಎಲಿಯಟ್‌ಗೆ ಈಗ ಇಪ್ಪತ್ತೇಳು. ಅವನು ಹಣ ಗಳಿಸಿ ಬಂದಿದ್ದಾನೆ, ಸಿಟ್ಟು ಆರಿಲ್ಲ. ಆಸ್ಟೆನ್ ಮೊದಲು ಬರೆದ ಮುಕ್ತಾಯದಲ್ಲಿ ಇಬ್ಬರ ಮನಸ್ತಾಪ ಒಂದು ಕೋಣೆಯ ಮುಖಾಮುಖಿಯಲ್ಲೇ ಬಗೆಹರಿಯುತ್ತಿತ್ತು. ಅದು ಹಿಡಿಸದೆ ತಿದ್ದಿ ಬರೆದರು. ಬಾತ್ ನಗರದ ವಸತಿಗೃಹದಲ್ಲಿ ಆ್ಯನ್ ಮತ್ತೊಬ್ಬನೊಡನೆ ಹೆಣ್ಣಿನ ನಿಷ್ಠೆಯ ಬಗ್ಗೆ ವಾದಿಸುತ್ತಿದ್ದಾಗ, ಪಕ್ಕದ ಮೇಜಿನಲ್ಲಿ ಕುಳಿತ ವೆಂಟ್‌ವರ್ತ್ ಅದನ್ನು ಕೇಳಿಸಿಕೊಂಡೇ ಅವಳಿಗೊಂದು ಪತ್ರ ಬರೆಯುತ್ತಾನೆ. ಇಂದಿಗೂ ಲೇಖಕಿಯರು ಮತ್ತೆ ಮತ್ತೆ ಹೋಗಿ ನೋಡುವ ದೃಶ್ಯ ಅದು. ಕೈಬಿಟ್ಟ ಅಧ್ಯಾಯಗಳ ಹಸ್ತಪ್ರತಿ ಉಳಿದುಬಂದಿರುವುದರಿಂದ ಎರಡನ್ನೂ ಹೋಲಿಸಿ ಓದಬಹುದು.

ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ (1847) ಇದಕ್ಕೆ ದೇಹದ ಗಾಯವನ್ನೂ ಸೇರಿಸಿತು: ನಾಯಕಿ ಹಿಂದಿರುಗುವಾಗ ಅವಳ ಪ್ರೇಮಿ ರಾಚೆಸ್ಟರ್ ಕುರುಡ. 1908ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಪ್ರಕಾಶನ ಸಂಸ್ಥೆ ಮಿಲ್ಸ್ ಅಂಡ್ ಬೂನ್, 1949ರಲ್ಲಿ ಕೆನಡಾದಲ್ಲಿ ಆರಂಭವಾಗಿ 1971ರಲ್ಲಿ ಅದನ್ನು ಕೊಂಡ ಹಾರ್ಲೆಕ್ವಿನ್ ಈ ಕಥೆಯನ್ನು ಸಿದ್ಧ ಅಚ್ಚಿಗೆ ಇಳಿಸಿದವು. ಮರೆವು, ಗಂಡನಿಗೆ ತಿಳಿಯದ ಮಗು, ತಪ್ಪು ತಿಳಿವಳಿಕೆ ಎಲ್ಲಕ್ಕೂ ಅಲ್ಲಿ ಪ್ರೀತಿಯೊಂದೇ ಔಷಧ.

ಕನ್ನಡದಲ್ಲಿ ತ್ರಿವೇಣಿ (1928–63) ಈ ನಂಬಿಕೆಯನ್ನೇ ತಲೆಕೆಳಗು ಮಾಡಿದರು. ‘ಶರಪಂಜರ’ದ ಕಾವೇರಿ ಬಾಣಂತನದ ನಂತರ ಮನೋರೋಗಕ್ಕೆ ತುತ್ತಾಗುತ್ತಾಳೆ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಗಂಡ, ನೆರೆಹೊರೆಯವರು, ಯಾರೂ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. ವೈದ್ಯ ಗೆದ್ದ ಕಡೆ ದಾಂಪತ್ಯ ಸೋಲುತ್ತದೆ. ಗಂಡನ ಇನ್ನೊಂದು ಸಂಬಂಧ ಗೊತ್ತಾದಾಗ ಅವಳು ಮತ್ತೆ ಕುಸಿಯುತ್ತಾಳೆ. ಕಟ್ಟುನಿಟ್ಟಾಗಿ ನೋಡಿದರೆ ಇದು ಈ ಪ್ರಕಾರಕ್ಕೆ ಸೇರದು. ಆದರೂ ಎರಡನೆಯ ಅವಕಾಶ ಯಾರ ಕೈಯಲ್ಲಿದೆ ಎಂದು ಇಷ್ಟು ನೇರವಾಗಿ ಕೇಳಿದ ಜನಪ್ರಿಯ ಕೃತಿಗಳು ಕಡಿಮೆ. ಇದನ್ನು ಆಧರಿಸಿದ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಕಾವೇರಿಯಾದರು.

1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಆಘಾತೋತ್ತರ ಒತ್ತಡದ ಕಾಯಿಲೆಯನ್ನು ತನ್ನ ಕೈಪಿಡಿಯಲ್ಲಿ ಸೇರಿಸಿತು. ‘ಆಘಾತ’ವೆಂಬ ಮಾತು ಚಿಕಿತ್ಸಾಲಯದಿಂದ ದಿನಬಳಕೆಗೆ ಬಂದಂತೆ ಪ್ರಣಯ ಕಾದಂಬರಿಗೂ ಬಂತು. ಮೇರಿ ಬಲೋಗ್ 2012ರಲ್ಲಿ ಆರಂಭಿಸಿದ ‘ಸರ್ವೈವರ್ಸ್ ಕ್ಲಬ್’ ಮಾಲೆಯಲ್ಲಿ ನೆಪೋಲಿಯನ್ ಯುದ್ಧಗಳಲ್ಲಿ ನೊಂದ ಏಳು ಮಂದಿ ಕಾರ್ನ್‌ವಾಲ್‌ನ ಒಂದು ಬಂಗಲೆಯಲ್ಲಿ ಚೇತರಿಸಿಕೊಂಡವರು. ಪ್ರೀತಿ ಬರುವುದು ಆಮೇಲೆ. ಕಾಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’ (2016) ಟಿಕ್‌ಟಾಕ್ ಓದುಗರ ಕೈಗೆ ಸಿಕ್ಕಿ ಭಾರೀ ಮಾರಾಟವಾಯಿತು. ಅದರಲ್ಲಿ ಹೊಡೆಯುವ ಗಂಡನಿಗೆ ಮತ್ತೊಂದು ಅವಕಾಶವಿಲ್ಲ, ಮೊದಲ ಪ್ರೇಮಿಗೆ ಇದೆ. 2023ರಲ್ಲಿ ಹೂವರ್ ಆ ಕಾದಂಬರಿಯನ್ನು ಆಧರಿಸಿದ ಬಣ್ಣ ತುಂಬುವ ಪುಸ್ತಕ ತರುವುದಾಗಿ ಪ್ರಕಟಿಸಿ, ಹಿಂಸೆಯನ್ನು ಆಟಿಕೆ ಮಾಡಿದಿರಿ ಎಂಬ ಟೀಕೆಗೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಇವೆಲ್ಲಕ್ಕಿಂತ ಪಕ್ವವಾದುದು ಕೆನಡಿ ರಯಾನ್ ಅವರ ‘ಬಿಫೋರ್ ಐ ಲೆಟ್ ಗೋ’ (2022). ಅಟ್ಲಾಂಟದಲ್ಲಿ ರೆಸ್ಟೋರೆಂಟ್ ನಡೆಸುವ ಯಾಸ್ಮಿನ್ ಮತ್ತು ಜೋಸೈಯಾ, ಸತ್ತು ಹುಟ್ಟಿದ ಮಗುವಿನ ದುಃಖದಲ್ಲಿ ವಿಚ್ಛೇದನ ಪಡೆದವರು. ವ್ಯವಹಾರ, ಮಕ್ಕಳ ಜವಾಬ್ದಾರಿ ಎರಡೂ ಜಂಟಿಯಾಗಿಯೇ ಇವೆ. ಯಾಸ್ಮಿನ್ ಔಷಧ, ಆಪ್ತಸಮಾಲೋಚನೆಗಳಿಂದ ಖಿನ್ನತೆಯನ್ನು ನಿಭಾಯಿಸುತ್ತಾಳೆ. ಮೊದಲು ಒಲ್ಲೆನೆಂದ ಜೋಸೈಯಾ ಕೂಡ ಸಮಾಲೋಚಕರ ಎದುರು ಹೋಗಿ ಕೂರುತ್ತಾನೆ. ಇಬ್ಬರೂ ಬೇರೆ ಬೇರೆಯಾಗಿ ಮಾಡಿಕೊಂಡ ಈ ಕೆಲಸವನ್ನು ರಯಾನ್ ಚುಂಬನದ ದೃಶ್ಯಗಳಷ್ಟೇ ಸಾವಧಾನವಾಗಿ ಬರೆದಿದ್ದಾರೆ.